ಯಶೋಧರಾ ಬಿಟ್ಟುಕೊಟ್ಟ ದನಿ

ತೊರವಿಯ ಯಶೋಧರಾ ಕಂಪ್ಯೂಟರಿಗೆ ಕನ್ನಡ ಓದಲು ಕಲಿಸುವ ಕೆಲಸದಲ್ಲಿದ್ದಳು. ಪರದೆಯ ಮೇಲಿನ ಅಕ್ಷರಗಳನ್ನು ಗಟ್ಟಿಯಾಗಿ ಓದಿ ಹೇಳುವ ಆ ತಂತ್ರಾಂಶ ಕಣ್ಣು ಕಾಣದವರಿಗಾಗಿ ಹುಟ್ಟಿದ್ದು. ಯಾರು ಬೇಕಾದರೂ ಪುಕ್ಕಟೆ ಬಳಸಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು. ಅವಳಿಗೂ ಇನ್ನಿಬ್ಬರಿಗೂ ಪುಣೆಯ ಕಂಪನಿಯೊಂದು ಸಂಬಳ ಕೊಡುತ್ತಿತ್ತು. ಅಥಣಿ ರಸ್ತೆಯ ಬಾಡಿಗೆ ಕೋಣೆಯಲ್ಲಿ ಕುಳಿತು ಅವಳು ಎರಡು ವರ್ಷ ಒಂದು ಇಂಪಾದ ಹೆಣ್ಣುದನಿಯನ್ನು ಕಟ್ಟಿದ್ದಳು. ಕಂಪನಿಯವರು ಸಮಾರಂಭಗಳಲ್ಲಿ ಅದನ್ನೇ ಕೇಳಿಸುತ್ತಿದ್ದರು.

ಹೋದ ಬೇಸಿಗೆಯಲ್ಲಿ ಕಂಪನಿ ಈ ಕೆಲಸ ಕೈಬಿಟ್ಟಿತು. ಜಗಳವೇನಿಲ್ಲ, ಅವರ ದಾರಿ ಬೇರೆಯಾಯಿತು, ಅಷ್ಟೆ. ಜೊತೆಗಿದ್ದವರು ಬೇರೆ ಕೆಲಸ ಹಿಡಿದರು. ತಂತ್ರಾಂಶ ಎಲ್ಲರದೂ ಆಗಿತ್ತು, ನೋಡಿಕೊಳ್ಳುವವರು ಮಾತ್ರ ಯಾರೂ ಇರಲಿಲ್ಲ. ಯಶೋಧರಾ ಊರಿನ ಕಾಲೇಜೊಂದರಲ್ಲಿ ಪಾಠ ಹೇಳಲು ಸೇರಿಕೊಂಡಳು.

ಕಂಪ್ಯೂಟರುಗಳಿಗೆ ಹೊಸ ಅಪ್‌ಡೇಟ್ ಬಂದದ್ದೇ ತಡ, ತಂತ್ರಾಂಶ ಮೂಕವಾಯಿತು. ತಂತ್ರಾಂಶದ ಜೊತೆ ಕೊಟ್ಟಿದ್ದ ಅವಳ ನಂಬರಿಗೆ ತಿಕೋಟಾದಿಂದ ನಾಸೀರ ಮಾಸ್ತರರ ಫೋನು ಬಂತು. ಹುಟ್ಟಿನಿಂದ ಕಣ್ಣಿಲ್ಲದ ಅವರು ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುವವರು.

“ತಂಗಿ, ಕಂಪ್ಯೂಟರ್ ಸುಮ್ಮನ ಕುಂತೈತಿ. ನಾಳಿ ಪಾಠ ಹೆಂಗ ಓದ್ಕೊಳ್ಳಿ?”

“ನಾ ಈಗ ಆ ಕೆಲಸದಾಗ ಇಲ್ರಿ ಸರ,” ಎಂದಳು. ಅಂದ ಮೇಲೆ ಆ ಮಾತು ಅವಳಿಗೇ ಒಗರೆನಿಸಿತು. ಭಾನುವಾರ ತಿಕೋಟಾದ ಬಸ್ಸು ಹತ್ತಿದಳು.

ಹೋಗಿ ನೋಡಿದರೆ ಕೆಲಸ ಬೆಟ್ಟದಷ್ಟಿತ್ತು. “ಎಲ್ಲಾ ಉಳಸೂದು ನನ್ನೊಬ್ಬಾಕಿ ಕೈಲೆ ಆಗೂದಿಲ್ರಿ. ಏನ ಬಿಡ್ಲಿ, ನೀವ ಹೇಳ್ರಿ.”

“ಆ ಛಂದನ ದನಿ ಬಿಡು.”

ಯಶೋಧರಾ ಪಟ್ಟನೆ ಕುರ್ಚಿ ಹಿಂದಕ್ಕೆ ಸರಿಸಿದಳು.

“ಸಿಟ್ಟಾಗಬ್ಯಾಡ. ಅದು ಭಾಳ ನಿಧಾನ. ನಾವು ಇದ್ರಾಗಿನ ಹಳೀ ಒಡಕ ದನೀನ ಜೋರ್ ಓಡಿಸಿ ಕೇಳ್ತೀವಿ.” ಮಾಸ್ತರರು ಅಪ್‌ಡೇಟ್ ಆಗದ ಹಳೆಯ ಫೋನಿನಲ್ಲಿ ಒಂದು ಪುಟ ಓದಿಸಿದರು. ಕಡಲೆ ಹುರಿದಂತೆ ಪಟಪಟ ಸದ್ದು. ಅವಳಿಗೆ ಒಂದಕ್ಷರ ತಿಳಿಯಲಿಲ್ಲ. ಅವರು ಇಡೀ ಪುಟವನ್ನು ತಿರುಗಿ ಹೇಳಿದರು.

ಎರಡು ವರ್ಷದಲ್ಲಿ ಇದನ್ನು ಯಾರೂ ಅವಳಿಗೆ ಹೇಳಿರಲಿಲ್ಲ; ಬಳಸುವವರನ್ನು ಕೇಳಿ ಬನ್ನಿ ಎಂದು ಕಂಪನಿಯೂ ಕಳಿಸಿರಲಿಲ್ಲ. ಮಾಸ್ತರರ ತಾಯಿ ಆಶಾಬಿ ಚಹಾ ತಂದಿಟ್ಟರು. ಅದು ಆರುವ ತನಕ ಯಶೋಧರಾ ಕೈಕಟ್ಟಿ ಕುಳಿತಿದ್ದಳು. ಆಮೇಲೆ ಆ ದನಿಯ ಭಾಗವನ್ನೆಲ್ಲ ತೆಗೆದುಹಾಕಿದಳು. ಕಣ್ಣು ತುಂಬಿ ಬಂದವು.

ಉಳಿದದ್ದು ಸಣ್ಣದು, ಒಬ್ಬಳು ನಿಭಾಯಿಸುವಷ್ಟು. ದೀಪಾವಳಿಯ ಹೊತ್ತಿಗೆ ತಂತ್ರಾಂಶ ಮತ್ತೆ ಮಾತಾಡಿತು. ಈಗ ಉಚ್ಚಾರದ ತಪ್ಪುಗಳನ್ನು ಮಾಸ್ತರರು ಹಿಡಿಯುತ್ತಾರೆ. ಕಾಲೇಜಿನ ಪರೀಕ್ಷೆ ಬಂದರೆ ಕೆಲಸ ಹಿಂದೆ ಬೀಳುತ್ತದೆ, ಬೈಯುವವರು ಬೈಯುತ್ತಾರೆ. ಬಬಲೇಶ್ವರದ ರಾಜೇಶ್ವರಿ, ಅವಳಿಗೂ ಕಣ್ಣು ಕಾಣದು, ಮೊನ್ನೆ ತಂತ್ರಾಂಶವನ್ನು ಒಂದು ಕಡೆ ತಾನೇ ತಿದ್ದಿ ಕಳಿಸಿದ್ದಳು. ಅರ್ಧ ಸರಿಯಿತ್ತು.

“ಉಳಿದರ್ಧ ಇಬ್ಬರೂ ಕೂಡಿ ಮಾಡೂನು,” ಎಂದು ಯಶೋಧರಾ ಫೋನು ಮಾಡಿದಳು. “ಐತವಾರ ನಾನ ಬರ್ತೀನಿ.”