ಓದದೆ ಬಿಟ್ಟ ಸಾಲು

ಮುನಿರಾಜು ಅವರೇ, ಐದು ವರ್ಷದ ಹಿಂದೆ ನೀವು ನಯಾಜ್‌ಗೆ ಕೊಟ್ಟ ಆಕ್ಸಿಜನ್ ಸೆನ್ಸರ್ ನಕಲಿ ಮಾಲಾಗಿರಲಿಲ್ಲ. ಅದನ್ನು ಕೆಡಿಸಿದವಳು ನಾನು. ಕೆಡಿಸಿದ್ದು ಗೊತ್ತಿಲ್ಲದೆ, ಮುಚ್ಚಿಟ್ಟದ್ದು ಗೊತ್ತಿದ್ದೇ.

ನಿಮಗೆ ನನ್ನ ಪರಿಚಯವಿಲ್ಲ. ಯಲಹಂಕದಲ್ಲಿ ಮನೆ, ಹೆಬ್ಬಾಳದ ಹತ್ತಿರ ಕಚೇರಿ ಕೆಲಸ, ಹನ್ನೆರಡು ವರ್ಷದ ಹಳೆಯ ಕಾರು. ಕೊಂಡ ದಿನದಿಂದ ಅದನ್ನು ನೋಡಿಕೊಂಡ ಮೆಕ್ಯಾನಿಕ್ ನಯಾಜ್. ನಾನು ಎಲ್ಲವನ್ನೂ ಬರೆದಿಡುವವಳು — ಗ್ಯಾಸ್ ಸಿಲಿಂಡರ್ ಬದಲಾಯಿಸಿದ ದಿನ, ನೀರಿನ ಫಿಲ್ಟರ್ ತೊಳೆದ ದಿನ, ಟೈರಿಗೆ ಗಾಳಿ ಹಿಡಿಸಿದ ದಿನ. ನಯಾಜ್ ಬೇರೆ ಗಿರಾಕಿಗಳನ್ನು ನನ್ನ ಪುಸ್ತಕ ತೋರಿಸಿ ಹಂಗಿಸುತ್ತಿದ್ದರು: ಗಾಡಿ ಇಟ್ಕೊಂಡ್ರೆ ಅಕ್ಕನ ಥರ ಇಟ್ಕೊಳ್ರೀ, ನಿಮಗೆ ಆಯಿಲ್ ಯಾವಾಗ ಹಾಕ್ಸಿದ್ದು ಅಂತಾನೇ ಗೊತ್ತಿರಲ್ಲ. ಆ ಮಾತು ನನಗೆ ಇಷ್ಟವಾಗುತ್ತಿತ್ತು — ಬಹಳವೇ ಇಷ್ಟವಾಗುತ್ತಿತ್ತು.

ಆ ವರ್ಷ ಇಂಜಿನ್ನಿನ ಮೇಲಿನ ಮುಚ್ಚಳದ ಅಂಚಿನಿಂದ ಆಯಿಲ್ ಜಿನುಗುತ್ತಿತ್ತು. ಒಂದು ಭಾನುವಾರ ಅಡುಗೆಮನೆಯ ಸಿಂಕಿನ ಸುತ್ತ ಸಿಲಿಕಾನ್ ಹಚ್ಚಿ ಮುಗಿಸಿದಾಗ ಟ್ಯೂಬಿನಲ್ಲಿ ಅರ್ಧ ಉಳಿದಿತ್ತು. ಎಸೆಯುವುದೇಕೆ? ಮುಚ್ಚಳದ ಬೋಲ್ಟುಗಳನ್ನು ಸಡಿಲಿಸಿ ಸಂದಿಯುದ್ದಕ್ಕೂ ತುಂಬಿದೆ. ಬಿಗಿದಾಗ ಹೊರಗೆ ಉಕ್ಕಿದ್ದನ್ನು ಬ್ಲೇಡಿನಿಂದ ಕೆರೆದು ಒರೆಸಿದೆ. ಆಯಿಲ್ ನಿಂತಿತು. ಅಂದಿನ ಪುಟದಲ್ಲಿ ಅದನ್ನೂ ಬರೆದೆ.

ಮೂರು ವಾರಕ್ಕೆ ಇಂಜಿನ್ ದೀಪ ಹತ್ತಿಕೊಂಡಿತು. ನಯಾಜ್ ಸ್ಕ್ಯಾನರ್ ಜೋಡಿಸಿ ಪರದೆಯನ್ನು ನನ್ನ ಕಡೆ ತಿರುಗಿಸಿದರು. ಹೊಗೆಯಲ್ಲಿ ಎಷ್ಟು ಆಮ್ಲಜನಕ ಉಳಿದಿದೆ ಎಂದು ಸೆನ್ಸರ್ ಗಳಿಗೆಗಳಿಗೆಗೂ ಹೇಳುತ್ತಿರಬೇಕು, ಪರದೆಯ ಗೆರೆ ಏರಿ ಇಳಿದು ಏರುತ್ತಿರಬೇಕು. ನನ್ನ ಕಾರಿನ ಗೆರೆ ತೂಕಡಿಸುತ್ತಿತ್ತು. ವೈರು ನೋಡಿದರು, ಫ್ಯೂಸು ನೋಡಿದರು, ಹೊಗೆಯ ಪೈಪಿನಲ್ಲಿ ಸೀಳಿದೆಯೇ ಎಂದು ಸೋಪಿನ ನೀರು ಹಾಕಿ ನೋಡಿದರು. ಕೊನೆಗೆ ಗೊರಗುಂಟೆಪಾಳ್ಯದ ನಿಮ್ಮ ಅಂಗಡಿಯಿಂದ ಹೊಸ ಸೆನ್ಸರ್ ತಂದು ಹಾಕಿದರು. ಗೆರೆ ಚುರುಕಾಯಿತು. ಒಂದೂವರೆ ತಿಂಗಳಿಗೆ ಮತ್ತೆ ಅದೇ ದೀಪ, ಅದೇ ತೂಕಡಿಕೆ.

ಈ ಸಲ ಸೆನ್ಸರನ್ನು ಬಿಚ್ಚಿ ಬೆಳಕಿಗೆ ಹಿಡಿದರು. ತುದಿಯಲ್ಲಿ ಸುಣ್ಣದ ಹುಡಿಯಂಥ ಬಿಳಿ ಲೇಪ.

"ಅಕ್ಕಾ, ಇಂಜಿನ್‌ಗೆ ಸಿಲಿಕಾನ್ ಗಿಲಿಕಾನ್ ಏನಾದ್ರೂ ಹಚ್ಚಿದ್ರಾ? ಬಾತ್‌ರೂಮಿಗೆ ಹಾಕ್ತಾರಲ್ಲ, ಅಂಥದ್ದು? ಅದರ ಆವಿ ಒಳಗೋಗಿ ಉರಿದ್ರೆ ಸೆನ್ಸರ್ ಸತ್ತೋಗ್ತದೆ."

ಆ ಕ್ಷಣದಲ್ಲೇ ನನಗೆ ತಿಳಿಯಿತು. ಬಾಯಿ ತೆರೆಯುವ ಮೊದಲೇ ಅವರೇ ಅಂದರು:

"ಬುಕ್ ನೋಡಿ ಹೇಳಿ. ನನ್ ಕೈಯೆಲ್ಲ ಗ್ರೀಸು, ನೀವೇ ಓದಿ."

ಓದಿದೆ. ಶನಿವಾರದ್ದು ಓದಿದೆ, ಸೋಮವಾರದ್ದು ಓದಿದೆ. ನಡುವಿನ ಸಾಲಿನ ಮೇಲೆ ಬೆರಳಿಟ್ಟುಕೊಂಡೇ ದಾಟಿದೆ. ದನಿ ನಡುಗಲಿಲ್ಲ — ನಡುಗಿದ್ದರೆ ಬಹುಶಃ...

"ಬುಕ್ಕಲ್ಲಿ ಇಲ್ಲ ಅಂದ್ರೆ ಇಲ್ಲ, ಬಿಡಿ. ಹಂಗಾದ್ರೆ ಮಾಲೇ ಡೂಪ್ಲಿಕೇಟು," ಅಂದರು ನಯಾಜ್.

ಅಂದು ಮಧ್ಯಾಹ್ನ ನಿಮ್ಮ ಅಂಗಡಿಯಲ್ಲಿ, ಗಿರಾಕಿಗಳ ಮುಂದೆ, ಅವರು ನಿಮ್ಮನ್ನು ಏನೇನು ಅಂದರು ಎಂಬುದು ನಿಮಗೇ ಗೊತ್ತು. ಯಶವಂತಪುರದ ಒಂದೇ ಶೆಡ್ಡಿನಲ್ಲಿ ಕೆಲಸ ಕಲಿತವರು ನೀವಿಬ್ಬರು, ಒಂದೇ ಡಬ್ಬಿಯಲ್ಲಿ ಉಂಡವರು ಎಂದು ನನಗೆ ಆಮೇಲೆ ತಿಳಿಯಿತು.

ಇನ್ನೊಂದಿದೆ — ಹೇಳಲು ಇದೇ ಕಷ್ಟ. ಮೂರನೆಯ ಸೆನ್ಸರನ್ನು ನಯಾಜ್ ಪೇಟೆಯಿಂದ ತರುವ ಮೊದಲೇ ನಾನು ಅಬ್ಬಿಗೆರೆಯ ಬೇರೊಂದು ಗ್ಯಾರೇಜಿಗೆ ಹೋಗಿ, ಮುಚ್ಚಳ ತೆಗೆಸಿ, ಸಿಲಿಕಾನ್ ಪೂರ್ತಿ ಕೆರೆಸಿ, ಸರಿಯಾದ ಗ್ಯಾಸ್ಕೆಟ್ ಹಾಕಿಸಿದೆ. ಹಾಗಾಗಿ ಆ ಸೆನ್ಸರ್ ಕೆಡಲೇ ಇಲ್ಲ, ಇವತ್ತಿಗೂ ನಡೆಯುತ್ತಿದೆ. ಪೇಟೆಯ ಮಾಲು ಬಾಳಿತು, ಮುನಿರಾಜು ಕೊಟ್ಟದ್ದು ಬಾಳಲಿಲ್ಲ — ನಿಮ್ಮ ವಿರುದ್ಧ ಅಷ್ಟು ಗಟ್ಟಿಯಾದ ಸಾಕ್ಷಿಯನ್ನು ಒದಗಿಸಿದವಳು ನಾನೇ. ಐದು ವರ್ಷ ಆ ಕಾರಿನಲ್ಲೇ ಕಚೇರಿಗೆ ಹೋಗಿ ಬಂದೆ.

ಕಳೆದ ವಾರ ಸರ್ವಿಸಿಗೆ ಹೋಗಿದ್ದೆ. ಒಂದು ಬೇರಿಂಗ್ ಬೇಕಾಗಿತ್ತು. ಹತ್ತಿರದಲ್ಲೇ ಗೊರಗುಂಟೆಪಾಳ್ಯದ ನಿಮ್ಮ ಅಂಗಡಿಯಲ್ಲಿ ಸಿಗುತ್ತದೆ, ಆದರೆ ನಾಳೆ ಪೇಟೆಯಿಂದ ತರ್ತೀನಿ ಅಂದರು ನಯಾಜ್. ಅವರೇ ಮುಂದುವರಿಸಿ, ಅಣ್ಣ ಅಂತಿದ್ದೆ ಅಕ್ಕಾ ಅವನಿಗೆ ಅಂದರು. ಆಗ ಹೇಳಿಬಿಟ್ಟೆ. ಸಿಂಕಿನಿಂದ ಹಿಡಿದು ಅಬ್ಬಿಗೆರೆಯವರೆಗೆ, ಎಲ್ಲ.

ಅವರು ಕೂಗಾಡಲಿಲ್ಲ. ಬಟ್ಟೆ ತೆಗೆದುಕೊಂಡು ಕೈಯ ಗ್ರೀಸು ಒರೆಸಿಕೊಂಡರು.

"ಅವನು ಅವತ್ತು ಮಗಳ ಮೇಲೆ ಆಣೆ ಇಟ್ಟ. ನಾನು ನಿಮ್ ಬುಕ್ನ ನಂಬ್ದೆ."

ಸ್ವಲ್ಪ ಹೊತ್ತಿಗೆ ಬಾನೆಟ್ ಮುಚ್ಚಿ ಕೀ ಕೊಟ್ಟರು. ಬೇರಿಂಗ್ ಬಂದ ಮೇಲೆ ಫೋನ್ ಮಾಡ್ತೀನಿ ಮೇಡಂ, ಅಂದರು. ಹನ್ನೆರಡು ವರ್ಷದಲ್ಲಿ ಅವರು ನನ್ನನ್ನು ಮೇಡಂ ಅಂದದ್ದು ಅದೇ ಮೊದಲು.

ಮುನಿರಾಜು ಅವರೇ, ಕ್ಷಮಿಸಿ ಎಂದು ಕೇಳಲು ಈ ಕಾಗದ ಬರೆದಿಲ್ಲ. ಶನಿವಾರ ಬೆಳಿಗ್ಗೆ ನಿಮ್ಮಲ್ಲಿ ಮೆಕ್ಯಾನಿಕ್‌ಗಳ ಗುಂಪು ಸೇರುತ್ತದಂತೆ. ಆ ಹೊತ್ತಿಗೇ ಬರುತ್ತೇನೆ. ನಿಮ್ಮ ಮಾಲು ಒಳ್ಳೆಯದಿತ್ತು, ಕೆಡಿಸಿದವಳು ನಾನು ಎಂದು ಅವರೆಲ್ಲರ ಮುಂದೆ ಹೇಳುತ್ತೇನೆ. ನಯಾಜ್ ಬರುತ್ತಾರೋ ಇಲ್ಲವೋ ತಿಳಿಯದು. ಕೇಳುವ ಮುಖ ನನಗಿರಲಿಲ್ಲ.