ಹೆಸರು ಕೂಗಿದರೆ ಎದ್ದು ಹೋಗುವವರು

“ಪರದೆ ಮೇಲೆ ನೂರಾರು ಮನೆ ಕಣಜ್ಜಿ. ಎಲ್ಲಾರ ಮೈಕೂ ಬುಟ್ರೆ ಕೋಳಿ ಕೂಗೋದು, ಕುಕ್ಕರು ಕೂಗೋದು, ಅತ್ತೆ ಬೈಯೋದು ಎಲ್ಲಾ ಒಟ್ಗೇ ಬತ್ತದೆ. ಅದ್ಕೇ ಮೈಕು ಮುಚ್ಚಿಟ್ಟಿರ್ತೀನಿ. ಮಾತಾಡ್ಬೇಕು ಅನ್ನೋರು ಫೋನಲ್ಲಿ ಕೈ ಗುರ್ತು ಒತ್ತಬೇಕು, ನಾನು ಹೆಸ್ರು ಕೂಗಿ ಮೈಕು ಬುಡ್ತೀನಿ. ಆದ್ರೆ ಒಂದು ಮಾತ್ರ ತಿಳೀತಿಲ್ಲ. ಕಿರುಗಾವಲು ಕಡೆ ಹೆಂಗಸ್ರು ಕೈ ಎತ್ತುತಾರೆ, ಹೆಸ್ರು ಕೂಗಿದ್ ತಕ್ಷಣ ಎದ್ದು ಓಡೋಯ್ತಾರೆ! ಬರೀ ಗೋಡೆ ಕಾಣ್ತದೆ. ನಾನೇನು ಗುಮ್ಮನಾ?”

ನನಗೆ ಹೀಗಂದವಳು ಮಂಡ್ಯದ ಗುತ್ತಲಿನಲ್ಲಿ ನಮ್ಮ ಪಕ್ಕದ ಮನೆ ರಂಜಿತ. ಹಳ್ಳಿಗಳ ಹಾಲಿನ ಸಂಘದ ಹೆಂಗಸರನ್ನು ಫೋನಿನಲ್ಲೇ ಕೂಡಿಸಿ ಸಭೆ ನಡೆಸುವುದು ಅವಳ ಕೆಲಸ. ಮೊದಲು ಮದ್ದೂರಿನಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದಳು. ಮಾತಾಡದೆ ಕೂತವರ ಮೇಲೇ ಅವಳ ಕಣ್ಣು.

ಆವತ್ತು ಕಿರುಗಾವಲಿನಲ್ಲಿ ಸಂಜೆ ಹಾಲು ಹಾಕಿಸಿಕೊಳ್ಳುವುದನ್ನು ನಿಲ್ಲಿಸುವ ಮಾತಿತ್ತು. ಬೇಡ ಅನ್ನುವವರು ಸಭೆಯಲ್ಲೇ ಹೇಳಬೇಕು, ಹೇಳದಿದ್ದರೆ ಒಪ್ಪಿದಂತೆ.

ಒಂದು ಕೈ ಎದ್ದಿತು.

“ಚಿಕ್ಕಬೋರಯ್ಯ, ಕಿರುಗಾವಲು, ಮಾತಾಡಿ.”

ರಂಜಿತ ಮೈಕು ಬಿಟ್ಟಳು. ಪರದೆಯಲ್ಲಿದ್ದ ಹೆಂಗಸು ಸೆರಗು ಹೊದ್ದಳು, ಹೊರಟೇ ಹೋದಳು.

“ಯಾರೂ ಇಲ್ಲವಲ್ಲಮ್ಮ, ಮುಂದಕ್ಕೆ ಹೋಗಿ,” ಅಂದರು ಸಭೆಯಲ್ಲಿದ್ದ ಹಾಲು ಒಕ್ಕೂಟದ ಸಾಹೇಬರು.

“ಒಂದ್ನಿಮಿಷ ಸಾರ್.” ರಂಜಿತ ಕಿವಿಗೊಟ್ಟಳು. ಅವಳ ಪಕ್ಕದಲ್ಲೇ ಕೂತಿದ್ದ ನಾನೂ ಅವರೆಕಾಯಿ ಬಿಡಿಸುವುದು ನಿಲ್ಲಿಸಿ ಅತ್ತ ವಾಲಿದೆ. ಫೋನಿನೊಳಗೆ ಆ ಮನೆಯ ಹಿತ್ತಲಿಂದ ಕೂಗು ಕೇಳಿಸಿತು.

“ಇತ್ತಾಗ್ ಬನ್ನೀ! ಮಂಡ್ಯದೋರು ನಿಮ್ಮನ್ನ ಕೂಗ್ತಾವ್ರೆ!”

“ನನ್ನನ್ಯಾಕಮ್ಮಿ ಕೂಗ್ತಾರೆ? ಹಾಲು ಹಾಕೋಳು ನೀನು!”

ರಂಜಿತ ಹಣೆ ಚಚ್ಚಿಕೊಂಡು ನಕ್ಕಳು. ಫೋನು ಗಂಡಂದು, ಪರದೆಯಲ್ಲಿ ಬರುವ ಹೆಸರೂ ಗಂಡಂದೇ. ಗಂಡನ ಹೆಸರನ್ನು ಬಾಯಲ್ಲಿ ಆಡದ ಹೆಂಗಸು ಆ ಹೆಸರಿಗೆ ತಾನು ಓಗೊಡುವುದುಂಟೆ? ಅವನನ್ನೇ ಕರೆತರಲು ಓಡಿದ್ದಳು.

“ಯಜಮಾನ್ರು ಬೇಡ ಕಣಕ್ಕ, ಕೈ ಎತ್ತಿದೋರೇ ಬನ್ನಿ! ನಿಮ್ಮ ಹೆಸ್ರೇನು?”

“ಬೆಟ್ಟಮ್ಮ.”

“ಹೇಳಿ ಬೆಟ್ಟಮ್ಮಕ್ಕ.”

“ಸಂಜೆ ಹಾಲು ಬುಡಬ್ಯಾಡ ಅಂತ ನಮ್ಮೆಮ್ಮೆಗೆ ನೀವೇ ಬಂದು ಹೇಳ್ತೀರಾ ಸ್ವಾಮಿ? ಅದು ಎರಡೊತ್ತೂ ಕೊಡ್ತದೆ, ನೀವೂ ಎರಡೊತ್ತು ಹಾಕುಸ್ಕೊಳಿ.”

ಆಮೇಲೆ ರಂಜಿತ ಹೆಸರು ಬಿಟ್ಟು, “ಹಸಿರು ಸೀರೆಯೋರು”, “ತೊಟ್ಟಿ ಪಕ್ಕ ಕೂತಿರೋ ಅವ್ವ” ಅಂತ ಕರೆದಳು. ಯಾರೂ ಎದ್ದು ಹೋಗಲಿಲ್ಲ. ಒಬ್ಬರ ಹಿಂದೊಬ್ಬರು ಬೆಟ್ಟಮ್ಮನ ಮಾತನ್ನೇ ಆಡಿದರು. ಸಂಜೆ ಹಾಲು ನಿಲ್ಲಿಸುವುದಿಲ್ಲ ಎಂದು ಸಾಹೇಬರು ಒಪ್ಪಲೇಬೇಕಾಯಿತು.

“ಹಂಗಾದ್ರೆ ಹಾಲು ಕರಿಯೋ ಒತ್ತಾಯ್ತು,” ಅಂದ ಬೆಟ್ಟಮ್ಮ ಫೋನು ಹಿಡಿದೇ ಕೊಟ್ಟಿಗೆಗೆ ಹೋದಳು. ಅದನ್ನು ಗೋಡೆಗೆ ಒರಗಿಸಿ, ತಂಬಿಗೆ ನೀರಲ್ಲಿ ಎಮ್ಮೆಯ ಕೆಚ್ಚಲು ತೊಳೆದು, ಕರೆಯಲು ಕೂತಳು.