ಎದ್ದು ನಿಲ್ಲದ ಮಧ್ಯಾಹ್ನ

ಆ ಮ್ಯಾಪನ್ನು ಯಾರೂ ಆಡುತ್ತಿರಲಿಲ್ಲ. ಅದಕ್ಕೇ ನಾವು ಆಡಿದೆವು. ಈಗಲೂ ಯಾರಾದರೂ ಕೇಳಿದರೆ ಬೇರೆ ಕಾರಣ ಹೇಳಲಾರೆ, ಹೇಳುವ ಮನಸ್ಸೂ ಇಲ್ಲ.

ಬಸವಕಲ್ಯಾಣಕ್ಕೆ ಬ್ರಾಡ್‌ಬ್ಯಾಂಡ್ ಬಂದ ಹೊಸತು. ಬಜಾರಿನಲ್ಲಿ ಒಂದು ಮಾಳಿಗೆಯ ಮೇಲೆ ಟೈಪಿಂಗ್ ಮತ್ತು ಕಂಪ್ಯೂಟರ್ ಕ್ಲಾಸಿತ್ತು. ಮಧ್ಯಾಹ್ನ ಎರಡರಿಂದ ಮೂರರ ತನಕ ಹುಡುಗಿಯರ ಬ್ಯಾಚು. ಸರ್ ಬಂದು ಒಂದು ಪತ್ರ ಟೈಪ್ ಮಾಡಲು ಕೊಟ್ಟು, ಟೈಪಿಂಗ್ ಕಲಿಯುವ ಹುಡುಗರನ್ನು ನೋಡಿಕೊಳ್ಳಲು ಪಕ್ಕದ ಕೋಣೆಗೆ ಹೋಗುತ್ತಿದ್ದರು. ಪತ್ರ ಹದಿನೈದು ನಿಮಿಷದ ಕೆಲಸ. ಉಳಿದ ಮುಕ್ಕಾಲು ತಾಸು ನಮ್ಮದು. ಸಂಜೆ ಬರುವ ಹುಡುಗರು ಆ ಕಂಪ್ಯೂಟರುಗಳಲ್ಲಿ ಒಂದು ಆಟ ಹಾಕಿಟ್ಟಿದ್ದರು. ನಾಲ್ಕು ನಾಲ್ಕು ಜನರ ಎರಡು ತಂಡ. ಒಂದು ತಂಡ ಗುರುತು ಮಾಡಿದ ಜಾಗದಲ್ಲಿ ಬಾಂಬ್ ಇಡಬೇಕು, ಇನ್ನೊಂದು ಇಡಗೊಡಬಾರದು. ಎಲ್ಲಿ ಕಾದಾಡುವುದೆಂದು ಮೊದಲೇ ಆರಿಸಿಕೊಳ್ಳಬೇಕು. ಆ ಜಾಗಕ್ಕೆ ಮ್ಯಾಪ್ ಎನ್ನುತ್ತಿದ್ದರು.

ಎಲ್ಲರೂ ಆರಿಸುತ್ತಿದ್ದದ್ದು ಮರಳುಗಾಡಿನ ಮ್ಯಾಪು. ನಾವು ಅದನ್ನು ತೆರೆದರೆ ಸಾಕು, ಟೈಪಿಂಗ್ ಕೋಣೆಯಿಂದ ಒಬ್ಬ ಎದ್ದು ಬಂದು ನಮ್ಮ ಕುರ್ಚಿಯ ಹಿಂದೆ ನಿಲ್ಲುತ್ತಿದ್ದ. "ಹಂಗಲ್ಲ, ಹಿಂಗ ತಿರುಗಬೇಕು. ಸರಿ, ನಾ ತೋರಸ್ತೀನಿ." ತೋರಿಸಲು ಕೂತವನು ಮೂರು ಹೊಡೆಯುವ ತನಕ ಏಳುತ್ತಿರಲಿಲ್ಲ. ಒಂದು ದಿನ ಸಿಟ್ಟಿಗೆ ನಾನು ಪಟ್ಟಿಯಲ್ಲಿ ತೀರಾ ಕೆಳಗಿದ್ದ ಹೆಸರನ್ನು ಒತ್ತಿದೆ. ಪಾಳುಬಿದ್ದ ಗೋದಾಮು, ಅರೆಗತ್ತಲು, ತಗಡಿನ ಮಾಡು, ಹಲಗೆಯ ಮೆಟ್ಟಿಲು, ನೀರು ನಿಂತ ಮೋರಿ. ಹಿಂದೆ ನಿಂತವನು ನೋಡಿ, "ಇದು ನಿದ್ದಿ ಮಾಡೋರ ಮ್ಯಾಪ್" ಎಂದು ಹೊರಟುಹೋದ. ಅವನ ಬೆನ್ನು ನೋಡಿ ನನಗಾದ ಸಂತೋಷ ಅಷ್ಟಿಷ್ಟಲ್ಲ. ಮರುದಿನದಿಂದ ನಾವು ನಾಲ್ವರೂ ಅದೇ ಮ್ಯಾಪು.

ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳ ಹೆಜ್ಜೆಯ ಸಪ್ಪಳ ಕೇಳಬಾರದಿತ್ತು. ಮಾಳಿಗೆಯಿಂದ ಧಡಧಡ ಇಳಿದರೆ ಅಜ್ಜಿ ಕೆಳಗಿನಿಂದಲೇ, "ಎಮ್ಮಿ ಇಳ್ಯಾಕತ್ತದೇನು?" ಎನ್ನುತ್ತಿದ್ದಳು. ಗಂಡಸರ ಹೆಜ್ಜೆ ಮಾತ್ರ ಕೇಳಬೇಕು, ಕೇಳಿದ ಕೂಡಲೇ ಎದ್ದು ನಿಲ್ಲಬೇಕು. ನಡುಮನೆಯಲ್ಲಿ ಜೋಳ ಹಸನು ಮಾಡುತ್ತಾ ತಲೆ ಎತ್ತದೆ ಹೇಳುತ್ತಿದ್ದೆ: ಹಿತ್ತಿಲ ಬಾಗಿಲಿಗೆ ಬಂದವನು ಹಾಲಿನವ, ಮಾಳಿಗೆಯಿಂದ ಇಳಿಯುತ್ತಿರುವವನು ಕಾಕಾ, ಮುಂಬಾಗಿಲಲ್ಲಿ ಅಪ್ಪ. ಅಪ್ಪನ ಚಪ್ಪಲಿಗೆ ಕಬ್ಬಿಣದ ನಾಲು ಹೊಡೆಸಿತ್ತು. ಹಾಸುಗಲ್ಲಿನ ಮೇಲೆ ಎಡಗಾಲು ಬಲಗಾಲಿಗಿಂತ ಗಟ್ಟಿಯಾಗಿ ಬೀಳುತ್ತಿತ್ತು.

ಆಟದಲ್ಲೂ ಓಡಿದರೆ ಸಪ್ಪಳ, ಒಂದು ಗುಂಡಿ ಒತ್ತಿ ಹಿಡಿದು ನಡೆದರೆ ಇಲ್ಲ. ಬ್ರಾಡ್‌ಬ್ಯಾಂಡಿನಲ್ಲಿ ನಮಗೆ ಎದುರಾಗುತ್ತಿದ್ದ ಬೇರೆ ಊರಿನ ಹುಡುಗರು ಬರೀ ಓಡುವವರು. ಗೋದಾಮಿಗೆ ತಗಡು, ಹಲಗೆ, ಮೋರಿ ಎಂದು ಮೂರು ದಾರಿ, ಅವು ಬಿಟ್ಟರೆ ಮುಂದಿನ ದೊಡ್ಡ ಬಾಗಿಲು. ತಗಡು ಢಣ್ ಎನ್ನುತ್ತಿತ್ತು, ಹಲಗೆ ಧಪ್ ಎನ್ನುತ್ತಿತ್ತು, ಮೋರಿಯ ನೀರು ಚಳಕ್ ಎನ್ನುತ್ತಿತ್ತು. ದಾರಿಗೊಬ್ಬರಂತೆ ನಿಂತರೆ ಒಬ್ಬೊಬ್ಬರಾಗಿ ಸಾಯುವುದೇ ಆಗುತ್ತಿತ್ತು. ಹುಲಸೂರಿನಿಂದ ಬಸ್ಸಿಗೆ ಬರುತ್ತಿದ್ದ ನನ್ನ ಗೆಳತಿ ಒಂದು ದಿನ ಕೇಳಿದಳು, "ಮುಂಬಾಗಲಾ ಕಾಯಾಕ ಒಬ್ಬರು ಯಾಕ ಬೇಕು? ಮನ್ಯಾಗ ಯಾರು ಬಾಗಲದಾಗ ನಿಂತು ಕಾಯ್ತಾರ? ನಡಕ ಕೂಡೋಣು, ಬಂದವರು ಕೇಳಸ್ತಾರ."

ಅಷ್ಟೇ ನಮ್ಮ ಯುದ್ಧತಂತ್ರ. ಮುಂಬಾಗಿಲು ಹಾರು ಹೊಡೆದು ಬಿಟ್ಟೆವು. ಮೂರೂ ಸಪ್ಪಳ ಕೇಳುವ ನಡುವಿನ ಕಟ್ಟೆಯ ಹಿಂದೆ ನಾಲ್ವರೂ ಕೂತೆವು; ಮುಂಬಾಗಿಲಿನಿಂದ ಬಂದವರು ಅಲ್ಲಿಂದ ಕಣ್ಣಿಗೇ ಕಾಣುತ್ತಿದ್ದರು. ಕ್ಲಾಸಿನಲ್ಲಿ ಕೆಲಸ ಮಾಡುತ್ತಿದ್ದ ಹೆಡ್‌ಫೋನು ಎರಡೇ. ಕೇಳಿದವಳು ಪಕ್ಕದವಳ ಕುರ್ಚಿಗೆ ಕಾಲಿನಿಂದ ತಟ್ಟಬೇಕು: ಒಂದು ಸಲ ತಟ್ಟಿದರೆ ತಗಡು, ಎರಡಾದರೆ ನೀರು, ಮೂರಾದರೆ ಹಲಗೆ. ನಾನು ಹೆಡ್‌ಫೋನನ್ನು ಬಲಗಿವಿಗೆ ಮಾತ್ರ ಇಟ್ಟುಕೊಳ್ಳುತ್ತಿದ್ದೆ. ಎಡಗಿವಿ ಕೋಣೆಯ ಕಡೆಗೆ ಬೇಕಿತ್ತು, ಸರ್ ಬಂದರೆ ಪತ್ರ ತೆರೆಯಲು.

ಆದರೆ ಸರ್‌ಗೆ ಎಲ್ಲ ಗೊತ್ತಿತ್ತು. ಒಂದು ದಿನ ಬಂದು, "ಸಂಜಿ ಹುಡುಗ್ರು ನಿಮ್ಮ ತಾಸು ಕೇಳಾಕತ್ತಾರವಾ. ಹುಮನಾಬಾದಿನವರ ಕೈಲೆ ದಿನಾ ಸೋಲಾಕತ್ತಾರ, ತಯಾರಿ ಮಾಡಬೇಕಂತ. ನೀವು ಸಂಜಿಗೆ ಬರ್ರಿ" ಎಂದರು. ಸಂಜೆಯ ಬ್ಯಾಚಿಗೆ ನಮ್ಮನ್ನು ಯಾರ ಮನೆಯಲ್ಲೂ ಕಳಿಸುತ್ತಿರಲಿಲ್ಲ. ಆ ತಾಸು ಹೋದರೆ ಕ್ಲಾಸೇ ಹೋದಂತೆ. ಕ್ಲಾಸು ಹೋದರೆ ಮನೆಯಲ್ಲಿ ಉಳಿದ ಕೆಲಸ ನನಗೆ ಗಂಡು ನೋಡುವುದೊಂದೇ. ನನಗೆ ಮೈಯೆಲ್ಲ ಉರಿದುಹೋಯಿತು. "ಸರ್, ಅವರು ಸೋಲೋ ಹುಮನಾಬಾದಿನವರನ್ನ ನಾವು ಸೋಲಿಸಿದರ? ಆಮ್ಯಾಲ ನಮ್ಮ ತಾಸು ಯಾರೂ ಕೇಳಬಾರದು" ಎಂದೆ. ಸರ್ ನಕ್ಕರು, ಆದರೆ ಒಪ್ಪಿದರು.

ಹುಮನಾಬಾದಿನವರು ಆಡುತ್ತಿದ್ದದ್ದು ಅಲ್ಲಿನ ಹೆದ್ದಾರಿಗೆ ಹತ್ತಿಕೊಂಡಿದ್ದ ಒಂದು ಆಟದ ಅಂಗಡಿಯಲ್ಲಿ; ಅದು ಸರ್ ಅವರ ಭಾವಮೈದುನನದು. ಎಲ್ಲ ಹೊಸ ಕಂಪ್ಯೂಟರು. ಫೋನಿನಲ್ಲಿ ಮಾತಾಯಿತು: ಮ್ಯಾಪು ನಮ್ಮದು, ಅವರು ಬಾಂಬ್ ಇಡುವವರು, ನಾವು ತಡೆಯುವವರು. ಮೂರು ದಿನ ಆಟ, ಎರಡು ದಿನ ಗೆದ್ದವರು ಗೆದ್ದಂತೆ. ಹುಡುಗಿಯರ ಜೊತೆ ಆಟ ಎಂದಾಗ ಆ ಕಡೆಯ ನಗೆ ಫೋನಿನಿಂದಾಚೆಗೂ ಕೇಳಿಸಿತು.

ಮಂಗಳವಾರ ಗೆಲುವು ನಮ್ಮ ಕೈಯಲ್ಲೇ ಇತ್ತು. ಕೊನೆಯ ಸುತ್ತು, ತಗಡು ಢಣ್ ಎಂದಿತು, ನಾನು ಒಂದು ಸಲ ತಟ್ಟಿದೆ. ಅದೇ ಹೊತ್ತಿಗೆ ಸರ್ ನೋಡಲೆಂದು ಒಳಗೆ ಬಂದರು. ನಾವು ನಾಲ್ವರೂ ಎದ್ದು ನಿಂತೆವು. ಯಾರೂ ಹೇಳಲಿಲ್ಲ, ಯಾರೂ ಯೋಚಿಸಲಿಲ್ಲ; ಹಿರಿಯರು ಬಂದರು, ಎದ್ದೆವು, ಕೈಗಳು ಕೀಬೋರ್ಡು ಬಿಟ್ಟವು. ಕೂತು ನೋಡಿದರೆ ನಾಲ್ವರೂ ಸತ್ತು ಬಿದ್ದಿದ್ದೆವು. "ಅಕ್ಕಾವ್ರೇ, ನಿದ್ದಿ ಬಂತೇನ್ರಿ" ಎಂದು ಹುಮನಾಬಾದಿನವರು ಪರದೆಯ ಮೇಲೆ ಬರೆದರು. ನನಗೆ ಅಳು ಬಂತು, ನಾಚಿಕೆಯಿಂದಲ್ಲ, ನನ್ನ ಮೊಣಕಾಲುಗಳ ಮೇಲಿನ ಸಿಟ್ಟಿನಿಂದ.

ಗುರುವಾರ ಹುಲಸೂರಿನ ಗೆಳತಿ ಎಲ್ಲರ ಓಢಣಿಯ ಚುಂಗನ್ನು ಕುರ್ಚಿಗೆ ಗಂಟು ಹಾಕಿದಳು. ಎದ್ದರೆ ಜಗ್ಗುತ್ತದೆ, ನೆನಪಾಗುತ್ತದೆ. ಸರ್ ಎರಡು ಸಲ ಬಂದರು, ನಾಲ್ಕೂ ಓಢಣಿ ಎರಡು ಸಲ ಜಗ್ಗಿದವು, ನಾವು ಗೆದ್ದೆವು.

ಶನಿವಾರ ನಾನು ನನ್ನ ಓಢಣಿಗೆ ಗಂಟು ಹಾಕಗೊಡಲಿಲ್ಲ. "ಕಟ್ಟಿಸ್ಕೊಂಡು ಕುಂತರ ಅದು ನಾ ಕುಂತಂಗಲ್ಲ" ಎಂದೆ. "ನಿನ್ನ ಹಟಕ್ಕ ನನ್ನ ತಾಸು ಹೋಗ್ತದ ನೋಡು" ಎಂದು ಗೆಳತಿ ಸಿಡುಕಿದಳು. ಅವಳು ಹೇಳಿದ್ದು ಸರಿಯಿತ್ತು. ಆದರೂ ನಾನು ಕೇಳಲಿಲ್ಲ. ಉಳಿದ ಮೂವರು ಕಟ್ಟಿಕೊಂಡು ಕೂತರು.

ಆ ದಿನ ಹುಮನಾಬಾದಿನವರೂ ಮೆಲ್ಲಗೆ ನಡೆಯುವುದನ್ನು ಕಲಿತು ಬಂದಿದ್ದರು. ಸುತ್ತು ಸುತ್ತಿಗೂ ಸಮ ಸಮ. ಕೊನೆಯ ಸುತ್ತಿನಲ್ಲಿ ನಮ್ಮಲ್ಲಿ ಇಬ್ಬರು ಸತ್ತರು, ಅವರಲ್ಲೂ ಇಬ್ಬರು ಸತ್ತರು. ನಮ್ಮ ಕಡೆ ಉಳಿದವರು ನಾನು ಮತ್ತು ಗೆಳತಿ. ಬಲಗಿವಿಯಲ್ಲಿ ನೀರು ಚಳಕ್ ಎಂದಿತು. ಎರಡು ಸಲ ತಟ್ಟಿದೆ, ಅವಳು ಮೋರಿಯ ಕಡೆ ಹೋದಳು. ಆಗ ಎಡಗಿವಿಗೆ, ಕ್ಲಾಸಿನ ಕಲ್ಲಿನ ಮೆಟ್ಟಿಲ ಮೇಲಿಂದ, ನಾಲಿನ ಸಪ್ಪಳ ಬಂತು. ಎಡಗಾಲು ಗಟ್ಟಿ, ಬಲಗಾಲು ಹಗುರ.

ನಾನು ಟೈಪಿಂಗ್ ಕಲಿಯುತ್ತಿದ್ದೇನೆ ಎಂದೇ ಅಪ್ಪ ತಿಳಿದಿದ್ದರು. ಬಜಾರಿನಲ್ಲಿದ್ದ ಅಪ್ಪನ ಅಂಗಡಿಗೆ ಬಂದ ಯಾರೋ, ನಿಮ್ಮ ಮಗಳು ಗಂಡುಹುಡುಗರ ಕೂಡ ಕಂಪ್ಯೂಟರಿನಾಗ ಆಡಾಕತ್ತಾಳ ಎಂದು ಹೇಳಿದ್ದರಂತೆ. ಅದು ನನಗೆ ಆಮೇಲೆ ತಿಳಿಯಿತು. ಬಾಗಿಲಲ್ಲಿ ಸಪ್ಪಳ ನಿಂತಿತು. ಆಟದಲ್ಲಿ ಸತ್ತಿದ್ದ ಇಬ್ಬರೂ ಗಂಟು ಬಿಚ್ಚಿಕೊಂಡು ಎದ್ದರು. ಸರ್, "ಬರ್ರಿ ಸಾವಕಾರ್ರ" ಎಂದರು. ನನ್ನ ಮೊಣಕಾಲುಗಳು ತಾವಾಗಿಯೇ ಎದ್ದವು. ಅರ್ಧ ಎದ್ದಿದ್ದೆ, ಕೈ ಮಾತ್ರ ಕೀಬೋರ್ಡಿನ ಮೇಲಿತ್ತು. ಬಲಗಿವಿಯಲ್ಲಿ ತಗಡು ಒಂದೇ ಒಂದು ಸಲ, ಬಹಳ ಸಣ್ಣಗೆ, ಢಣ್ ಎಂದಿತು.

ನಾನು ಕೂತೆ.

ತಗಡಿನ ಕೊನೆಗೆ ಗುರಿ ಹಿಡಿದು ಕಾದೆ. ಹಿಂದೆ ಅಪ್ಪ ಉಸಿರಾಡುವುದು ಕೇಳುತ್ತಿತ್ತು. ತಗಡಿನ ಮೇಲಿದ್ದವನು ಇಳಿದ, ನಾನು ಹೊಡೆದೆ. ಅತ್ತ ಮೋರಿಯಲ್ಲಿದ್ದವನನ್ನು ಗೆಳತಿ ಮುಗಿಸಿದ್ದಳು. ಆಟ ಮುಗಿಯಿತು ಎಂದು ಪರದೆ ಹೇಳಿದ ಮೇಲೆ ಹೆಡ್‌ಫೋನು ತೆಗೆದು ಎದ್ದು ನಿಂತೆ.

"ನಾ ಬಂದದ್ದು ಕೇಳಲಿಲ್ಲೇನು?" ಅಪ್ಪ ಕೇಳಿದರು.

"ಕೇಳಿತು ಅಪ್ಪಾ."

"ಮತ್ತ?"

"ಎದ್ದಿದ್ದರ ಸೋಲ್ತಿದ್ದೆ."

ಅಪ್ಪ ಪರದೆ ನೋಡಿದರು, ಸರ್ ಮುಖ ನೋಡಿದರು, ಇಳಿದು ಹೋದರು. ಪರದೆಯ ಮೇಲೆ ಹುಮನಾಬಾದಿನವರು ಬರೆಯುತ್ತಿದ್ದರು: ಈ ಮ್ಯಾಪು ಲೆಕ್ಕಕ್ಕಿಲ್ಲ, ತಾಕತ್ತಿದ್ದರೆ ಮರಳುಗಾಡಿಗೆ ಬರ್ರಿ. ಗೆಳತಿ ಕುರ್ಚಿಗೆ ಕಟ್ಟಿಕೊಂಡೇ ಬಗ್ಗಿ ಉತ್ತರ ಬರೆದಳು: ನಾವು ಇಲ್ಲೇ ಇರ್ತೀವಿ, ನೀವೇ ಬರ್ರಿ. ಅವರು ಮತ್ತೆ ಬರಲಿಲ್ಲ. ಸರ್ ಮಾತು ಉಳಿಸಿಕೊಂಡರು.

ಮನೆಯಲ್ಲಿ ಅವ್ವ ಎರಡು ಸಲ ಏನಾಯಿತೆಂದು ಕಣ್ಣಲ್ಲೇ ಕೇಳಿದಳು. ಭಾನುವಾರ ಮುಗಿದರೂ ಅಪ್ಪ ಕ್ಲಾಸಿಗೆ ಹೋಗು ಎಂದಿರಲಿಲ್ಲ, ಬೇಡ ಎಂದೂ ಅಂದಿರಲಿಲ್ಲ. ಸೋಮವಾರ ಒಂದೂಮುಕ್ಕಾಲಿಗೆ ಅಪ್ಪ ಉಂಡು ನಡುಮನೆಯಲ್ಲಿ ಅಡ್ಡಾಗಿದ್ದರು. ಮಲಗಿದ್ದರೋ ಎಚ್ಚರವಿದ್ದರೋ ತಿಳಿಯದು. ನಾನು ಮಾಳಿಗೆಯಲ್ಲಿ ನಿಂತಿದ್ದೆ. ಸಪ್ಪಳವಾಗದಂತೆ ಇಳಿದು ಹಿತ್ತಿಲಿನಿಂದ ಹೋಗಬಹುದಿತ್ತು. ಆ ಕೆಲಸದಲ್ಲಿ ನನ್ನನ್ನು ಮೀರಿಸುವವರು ಬೀದರ ಜಿಲ್ಲೆಯಲ್ಲೇ ಇರಲಿಲ್ಲ.

ಒಂದೊಂದು ಮೆಟ್ಟಿಲಿಗೂ ಕಾಲು ಒತ್ತಿ ಇಟ್ಟು ಇಳಿದೆ. ಇಡೀ ಮನೆಗೆ ಕೇಳಿಸಿತು.

"ಯಾರದು?" ಎಂದಳು ಅಜ್ಜಿ ಅಡುಗೆಮನೆಯಿಂದ.

"ನಾನು. ಕ್ಲಾಸಿಗೆ ಹೊಂಟೀನಿ" ಎಂದೆ, ಅಪ್ಪನಿಗೆ ಕೇಳುವಷ್ಟು ಗಟ್ಟಿಯಾಗಿ. ಅವರು ಮಗ್ಗಲು ಬದಲಿಸಲಿಲ್ಲ, ಕಾಲು ಮಾತ್ರ ಮಡಚಿಕೊಂಡು ದಾರಿ ಬಿಟ್ಟರು. ನಾನು ಮುಂಬಾಗಿಲಿನಿಂದಲೇ ಹೊರಗೆ ಹೋದೆ.